ಮೂರನೆಯ ಕೈ

ಲೋಟ ತೊಳೆದಾಗಿತ್ತು. ಮತ್ತೆ ತೊಳೆದಳು. ನಲ್ಲಿ ನಿಲ್ಲಿಸಿದ ಮೇಲೆ ಬೆರಳ ತುದಿಯಿಂದ ಅಂಚನ್ನು ಸವರಿ ನೋಡಿದಳು. ಜಿಡ್ಡಿರಲಿಲ್ಲ, ಆದರೂ ಇದ್ದ ಹಾಗೆ ಅನ್ನಿಸಿತು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವಳ ತಾಯಿ, "ಆ ಲೋಟ ನಿಂಗೇನು ಅನ್ಯಾಯ ಮಾಡಿತ್ತೇ? ಸವೆದು ಹೋಗತ್ತೆ, ಬಿಡು" ಎಂದರು. ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ, ಆದರೆ ಆಯಾಸವೂ ಇರಲಿಲ್ಲ. ಮೈಯಲ್ಲಿ ಹಬ್ಬದ ಹಿಂದಿನ ದಿನದ ಮಕ್ಕಳಿಗಿರುವಂಥ ಚುರುಕು ಇತ್ತು, ಅದರ ಬಗ್ಗೆ ಅವಳಿಗೆ ನಾಚಿಕೆಯೂ ಇತ್ತು. ನಿನ್ನೆ ಸಂಜೆ ನರದ ಡಾಕ್ಟರು ಫೋನ್ ಮಾಡಿ, ನಾಳೆ ಒಬ್ಬರ ತೊಡೆಯಿಂದ ಸ್ನಾಯುವಿನ ತುಣುಕು ತೆಗೀತೀವಿ, ನೀವೇ ಪರೀಕ್ಷೆ ಮಾಡಬೇಕು, ರೋಗಿ ನಿಮ್ಮ ಕಡೆಯವರೇ, ನಿಮ್ಮ ಗುರುಗಳಂತೆ ಎಂದಿದ್ದರು. ಗುರುಗಳು. ಆ ಮಾತು ಕಿವಿಗೆ ಬಿದ್ದಾಗ ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಿದ್ದಳು. ಇಪ್ಪತ್ತು ವರ್ಷದಿಂದ ಅವಳು ಮನಸ್ಸಿನೊಳಗೆ ಅವನನ್ನು ಏಕವಚನದಲ್ಲೇ ಕರೆಯುತ್ತ ಬಂದಿದ್ದಳು; ಬಾಯಿಗೆ ಬಂದರೆ ಮಾತ್ರ 'ಸರ್', 'ಅವರು'. ಒಳಗೆ ಉಗಿಯುವುದು, ಹೊರಗೆ ಕೈಮುಗಿಯುವುದು. ತಾಯಿಗೆ ಹೇಳಿದಾಗ ತಾಯಿ ಕಾಲು ನೀವಿಕೊಳ್ಳುತ್ತ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದಿದ್ದರು. ಗಂಡ ಮಾತ್ರ ಪೇಪರಿನಿಂದ ತಲೆ ಎತ್ತದೆ, "ಹಳೇದೆಲ್ಲ ಕೆದಕ್ಬೇಡ, ಅವ್ರಿಗೂ ವಯಸ್ಸಾಯ್ತು" ಎಂದಿದ್ದ. ವಯಸ್ಸು ಯಾರಿಗಾಗಿಲ್ಲ, ಎಂದುಕೊಂಡಳು. ತಪ್ಪು ಮಾಡಿದವನಿಗೆ ವಯಸ್ಸಾದರೆ ಅದೂ ಅವನ ಪುಣ್ಯದ ಲೆಕ್ಕಕ್ಕೆ ಜಮೆಯೇ? ಕೈ ಒರೆಸಿಕೊಂಡು ಚೀಲ ಎತ್ತಿಕೊಂಡಳು.

ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಮಾಡುವ ಕೆಲಸ ಏನೆಂದು ತಾಯಿ ಹಿಂದೊಮ್ಮೆ ಕೇಳಿದ್ದರು. ಅವಳು ಹೇಳಿದ್ದಳು: ಬಾವಿಯಿಂದ ತೊಟ್ಟಿಯವರೆಗೆ ನಾಲ್ಕು ಜನ ಸಾಲಾಗಿ ನಿಂತು ಕೊಡ ದಾಟಿಸುತ್ತಾರೆ ಅಂತ ಇಟ್ಟುಕೋ. ನಾವು ತಿಂದದ್ದರಿಂದ ಹೊರಟ ಎಲೆಕ್ಟ್ರಾನುಗಳು ಜೀವಕೋಶದೊಳಗಿನ ಒಂದು ಪುಟ್ಟ ಕಾರ್ಖಾನೆಯಲ್ಲಿ ಹಾಗೇ ಕೈಯಿಂದ ಕೈಗೆ ದಾಟಿ ಹೋಗುತ್ತವೆ. ದಾಟುವಾಗ ಒಂದಿಷ್ಟು ಕಸುವು ಉಳಿಯುತ್ತದೆ. ನಾವು ಕಾಲೆತ್ತುವುದು, ರೆಪ್ಪೆ ಬಡಿಯುವುದು, ನೀನು ನನ್ನನ್ನು ಬೈಯುವುದು, ಎಲ್ಲ ಅದರಿಂದಲೇ. ಇಷ್ಟು ಉಸಿರೆಳೆದು ನಾವು ಒಳಗೆ ಕಳಿಸುವ ಗಾಳಿಗೆ ಇರುವುದು ಒಂದೇ ಕೆಲಸ, ಸಾಲಿನ ತುದಿಯಲ್ಲಿ ನಿಂತು ಕೈ ಚಾಚಿ ಇಸಿದುಕೊಳ್ಳುವುದು. ಮಧ್ಯದಲ್ಲಿ ಒಬ್ಬ ಕೈ ಕಟ್ಟಿ ನಿಂತರೆ ಎಂದು ತಾಯಿ ಕೇಳಿದ್ದರು. ಹಿಂದಿನವರ ಕೈಯಲ್ಲಿ ತುಂಬಿದ ಕೊಡ, ಮುಂದಿನವರ ಕೈ ಖಾಲಿ, ತೊಟ್ಟಿ ಬತ್ತುತ್ತದೆ. ಎದೆ ಏರಿಳಿಯುತ್ತಲೇ ಇರುತ್ತದೆ, ಒಳಗೆ ಉಸಿರಿಲ್ಲ. ಯಾರು ಕೈ ಕಟ್ಟಿದರು ಅಂತ ಪತ್ತೆ ಹಚ್ಚುವುದೇ ನನ್ನ ಕೆಲಸ. ತಾಯಿ ಯೋಚಿಸಿ, "ನಮ್ಮನೇಲಿ ಅದಕ್ಕೆ ಯಂತ್ರ ಬೇಕಾಗಿರ್ಲಿಲ್ಲ, ನಿಮ್ಮಪ್ಪ ಅಂತ ಎಲ್ರಿಗೂ ಗೊತ್ತಿತ್ತು" ಎಂದು ನಕ್ಕಿದ್ದರು. ಬಸ್ಸು ತಿರುವಿನಲ್ಲಿ ನಿಂತಿತು. ಮುಂದಿನ ಸೀಟಿನ ಹೆಂಗಸು ಕೂದಲಿಗೆ ಹಚ್ಚಿದ ಎಣ್ಣೆ ಗಾಜಿಗೆ ಅಂಟಿ ಅಲ್ಲೊಂದು ಮಂಜು ಮಂಜು ಗುರುತಾಗಿತ್ತು. ಅದನ್ನು ಒರೆಸಬೇಕೆಂದು ಅವಳ ಕೈ ತುರಿಸಿತು.

'ನಿನ್ನ ಸ್ನಾಯುವಲ್ಲಿ ಏನೂ ನಿಂತಿಲ್ಲಮ್ಮ. ನೀನು ಚೇಂಬರ್ ತೊಳೆದಿಲ್ಲ, ಅಷ್ಟೇ.' ಅವನ ದನಿ ಹಾಗೇ ಇತ್ತು, ಇಪ್ಪತ್ತು ವರ್ಷ ಒಳಗಿಟ್ಟರೂ ಹಳಸಿರಲಿಲ್ಲ. ಸೆಮಿನಾರಿನ ಉದ್ದನೆಯ ಕೋಣೆ, ಮಬ್ಬು ಪರದೆ, ಪರದೆಯ ಮೇಲೆ ಅವಳ ಪ್ರಯೋಗದ ಗೆರೆ. ಬಹಳ ದಿನ ಹಸಿದ ಸ್ನಾಯುವಿನಲ್ಲಿ ಆ ಸಾಲಿನ ಮೂರನೆಯ ಕೈ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಆಮೇಲೆ ತಾನಾಗಿಯೇ ತೆರೆದುಕೊಳ್ಳುತ್ತದೆ. ದೇಹ ಇದ್ದದ್ದರಲ್ಲಿ ಉಳಿಸಿಕೊಳ್ಳುವ ಒಂದು ಉಪಾಯ ಅದು ಎಂದು ಅವಳು ಹೇಳುತ್ತಿದ್ದಳು, ಹೇಳುವಾಗ ದನಿ ಸ್ವಲ್ಪ ನಡುಗಿತ್ತು, ಖುಷಿಗೆ. ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಅವನು, ಅವಳ ಪ್ರೊಫೆಸರ್, ಆ ಮಾತು ಹೇಳಲು ಎದ್ದು ನಿಂತಿರಲೂ ಇಲ್ಲ. ಮೂರನೆಯ ಕೈಯನ್ನು ಕಟ್ಟಿಹಾಕುವ ಒಂದು ವಿಷ ಇದೆ, ಪರೀಕ್ಷೆಯ ಕೊನೆಗೆ ಹನಿಯಷ್ಟು ಹಾಕುವುದು ಎಲ್ಲರಿಗೂ ರೂಢಿ. ಅದು ನೀರಿಗೆ ಬಗ್ಗುವುದಿಲ್ಲ, ಪರೀಕ್ಷೆ ನಡೆಯುವ ಬಟ್ಟಲಿಗೆ, ಅಂದರೆ ಚೇಂಬರಿಗೆ, ಅದರ ಪ್ಲಾಸ್ಟಿಕ್ ಬಿರಡೆಗೆ, ಮೂಲೆಮೂಲೆಗೆ ಅಂಟಿ ಕೂರುತ್ತದೆ. ಆಲ್ಕೋಹಾಲಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಮುಂದಿನ ಪರೀಕ್ಷೆಯ ಜೀವ ತೆಗೆಯುತ್ತದೆ. ಹೊಸಬರು ಮಾಡುವ ತಪ್ಪು ಅದು. 'ಮನೇಲಿ ಪಾತ್ರೆ ಯಾರಮ್ಮ ತೊಳೆಯೋದು?' ಎಂದು ಅವನು ಕೇಳಿದ್ದ. ಕೋಣೆ ನಕ್ಕಿತು. ಬೆಕ್ಕಿಗೆ ಚೆಲ್ಲಾಟ. ಅವಳೂ ನಕ್ಕಳು, ಅದನ್ನೇ ಅವಳಿಗೆ ಇವತ್ತಿಗೂ ಕ್ಷಮಿಸಿಕೊಳ್ಳಲಾಗಿರಲಿಲ್ಲ, ನಗುವವರ ಜೊತೆ ಸೇರಿ ತನ್ನನ್ನೇ ನೋಡಿ ನಕ್ಕಿದ್ದು. ಮಾರನೆಯ ದಿನ ಅವಳ ಮೇಜಿನ ಮೇಲೆ ಯಾರೋ ಪಾತ್ರೆ ತೊಳೆಯುವ ಸೋಪಿನ ಬಿಲ್ಲೆಯೊಂದನ್ನು ಬಣ್ಣದ ಕಾಗದ ಸುತ್ತಿ ಇಟ್ಟಿದ್ದರು. ಅದನ್ನು ಮನೆಗೆ ತಂದು ಬಳಸಿದ್ದಳು. ಬಿಸಾಡಿದರೆ ಸೋತ ಹಾಗೆ ಎಂದು ಯಾಕೋ ಅನ್ನಿಸಿತ್ತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಅವಳ ಪ್ರಬಂಧ ಬೇರೆ ದಾರಿ ಹಿಡಿಯಿತು, ಸಪ್ಪೆ ದಾರಿ. ಎರಡು ವರ್ಷದ ಮೇಲೆ ಅದೇ ಮೂರನೆಯ ಕೈ, ಅದೇ ಹಸಿದ ಸ್ನಾಯು ದೊಡ್ಡ ಸಭೆಯೊಂದರ ಪರದೆಯ ಮೇಲೆ ಬಂತು. ಕೆಳಗೆ ಅವನ ಹೆಸರು, ಅವನ ಹೊಸ ಶಿಷ್ಯನ ಹೆಸರು. ಕೊನೆಯ ಸಾಲಿನಲ್ಲಿ ಕೂತಿದ್ದ ಅವಳು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದಳು. ಆ ಕೈಗಳನ್ನು ಕಡಿದುಹಾಕಬೇಕೆಂದು ಅನ್ನಿಸಿದ ದಿನಗಳೂ ಇದ್ದವು.

ಆಸ್ಪತ್ರೆಯ ಕಾರಿಡಾರಿನಲ್ಲಿ ಫಿನಾಯಿಲ್ ಇನ್ನೂ ಒಣಗಿರಲಿಲ್ಲ. ಅವನು ಗೋಡೆ ಹಿಡಿದು ಬರುತ್ತಿದ್ದ. ಮೊದಲು ಅವಳಿಗೆ ಗುರುತೇ ಸಿಗಲಿಲ್ಲ. ಎತ್ತರ ಹಾಗೇ ಇತ್ತು, ಅದರೊಳಗಿದ್ದ ಮನುಷ್ಯ ಕುಗ್ಗಿದ್ದ. ಎರಡೂ ರೆಪ್ಪೆ ಜೋತುಬಿದ್ದು, ಮುಂದಿನದನ್ನು ನೋಡಲು ಗಲ್ಲ ಮೇಲೆತ್ತಿಕೊಂಡು ನಡೆಯುತ್ತಿದ್ದ. ಅದರಿಂದ ಹಿಂದಿನ ಜಂಬವೆಲ್ಲ ಕುತ್ತಿಗೆಯಲ್ಲಿ ಉಳಿದುಕೊಂಡ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಅವನ ಹೆಂಡತಿ. ವಿದ್ಯಾರ್ಥಿನಿಯಾಗಿದ್ದಾಗ ಒಂದೆರಡು ಸಲ ಅವರ ಮನೆಗೆ ಹೋಗಿದ್ದ ನೆನಪು. ಆಕೆ ಇವಳಿಗೆ ತಮ್ಮದೊಂದು ಸ್ವೆಟರ್ ಕೊಟ್ಟು ಕಳಿಸಿದ್ದರು, ಚಳಿಗೆ. "ಏನಮ್ಮಾ, ಚೆನ್ನಾಗಿದ್ದೀಯಾ?" ಎಂದ ಅವನು, ಮಾತು ಸ್ವಲ್ಪ ತೊದಲಿತು. "ಚೆನ್ನಾಗಿದ್ದೀನಿ ಸರ್." "ನಿನ್ನ ಕೈಗೇ ಬರ್ತೀನಿ ಅಂದ್ಕೊಂಡಿರ್ಲಿಲ್ಲ" ಎಂದು ನಗಲು ನೋಡಿದ. ಹೆಂಡತಿ ಅವಳ ಭುಜ ಮುಟ್ಟಿ, "ನಾನಂತೂ ನಿಶ್ಚಿಂತೆ ಕಣೇ. ಬೇರೆ ಯಾರ ಕೈಗೋ ಹೋಗೋದಕ್ಕಿಂತ ನಮ್ಮ ಹುಡುಗಿ ಕೈಗೆ ಹೋಯ್ತಲ್ಲ" ಎಂದರು. ನಮ್ಮ ಹುಡುಗಿ. ಅವಳಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಆ ಹೆಂಗಸಿನ ಮೇಲಲ್ಲ, ಆ ಹೆಂಗಸಿನ ಎದುರು ಕರಗಲು ಹೊರಟ ತನ್ನ ಮೇಲೆಯೇ. "ನೀವು ಕೂತ್ಕೊಳ್ಳಿ ಮೇಡಂ, ಹೊತ್ತಾಗತ್ತೆ" ಎಂದಷ್ಟೇ ಹೇಳಿ ನಡೆದಳು. ನರದ ಡಾಕ್ಟರು ಬಾಗಿಲಲ್ಲೇ ಸಿಕ್ಕಿ ವಿಷಯ ಬಿಡಿಸಿ ಹೇಳಿದರು. "ಎರಡು ಅನುಮಾನ ಇದೆ. ಒಂದು, ನಿಮ್ಮ ಕಡೆಯದು, ಉಸಿರಿನ ಸಾಲಲ್ಲೇ ತೊಂದರೆ. ಅದಾದ್ರೆ ನಾವು ಮಾಡೋದೇನಿಲ್ಲ, ಮನೆಗೆ ಕಳಿಸ್ತೀವಿ, ನಿಧಾನಕ್ಕೆ ಇಳೀತಾ ಹೋಗತ್ತೆ. ಇನ್ನೊಂದು, ನರ ಸ್ನಾಯು ಸೇರೋ ಜಾಗದ ತೊಂದರೆ. ಅದಕ್ಕೆ ಔಷಧಿ ಇದೆ, ಎದ್ದು ಓಡಾಡ್ತಾರೆ. ರಕ್ತದಲ್ಲಿ ಯಾವ್ದೂ ಖಚಿತವಾಗಿ ಗೊತ್ತಾಗ್ತಿಲ್ಲ. ನಿಮ್ಮಲ್ಲಿ ಏನೂ ಇಲ್ಲ ಅಂದ್ರೆ ನಾಳೆನೇ ಔಷಧಿ ಶುರು. ಇದೆ ಅಂದ್ರೆ ಮುಗೀತು." "ಎಷ್ಟು ದೊಡ್ಡ ತುಣುಕು ಕೊಡ್ತೀರಿ ಡಾಕ್ಟ್ರೇ?" "ಒಂದು ಸಲಕ್ಕೆ ಆಗೋಷ್ಟು. ಅವ್ರ ಸ್ನಾಯು ನೋಡಿದ್ರಲ್ಲ, ಕೊಯ್ಯೋಕೆ ಏನಿದೆ." ಒಂದು ಸಲಕ್ಕೆ ಆಗುವಷ್ಟು ಎಂದು ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ಅವಳ ಕೋಣೆಗೆ ಕಿಟಕಿ ಒಂದೇ, ಅದರಾಚೆ ಆಸ್ಪತ್ರೆಯ ಬಟ್ಟೆ ಒಗೆಯುವ ಜಾಗ; ಹಗಲೆಲ್ಲ ಬಿಳಿ ದುಪ್ಪಟಿಗಳು ಗಾಳಿಗೆ ಎದ್ದು ಬೀಳುತ್ತಿರುತ್ತವೆ. ಮೇಜಿನ ಮೇಲೆ ಚೇಂಬರ್, ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಬಟ್ಟಲು, ಸುತ್ತ ಬೆಚ್ಚನೆಯ ನೀರು ಹರಿಯುತ್ತದೆ, ತಳದಲ್ಲಿ ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್. ಮೇಲೆ ಬಿರಡೆ, ಅದರ ನಡುವೆ ಸೂಜಿ ತೂರುವಷ್ಟು ತೂತು. ಹಾಕುವುದನ್ನೆಲ್ಲ ಆ ತೂತಿನಿಂದಲೇ ಹಾಕಬೇಕು. ಒಳಗಿನ ಸ್ನಾಯು ಉಸಿರಾಡಿದರೆ ಪರದೆಯ ಮೇಲಿನ ಗೆರೆ ಇಳಿಯುತ್ತದೆ, ಉಸಿರಾಡದಿದ್ದರೆ ಮಲಗಿರುತ್ತದೆ. ರೋಗಿಯ ತುಣುಕು ಬರುವ ಮೊದಲು ಇಲಿಯ ಸ್ನಾಯುವೊಂದನ್ನು ಓಡಿಸಿ, ಕೊನೆಗೆ ಆ ವಿಷದ ಹನಿ ಹಾಕಿ, ಗೆರೆ ನಿಂತಿತೇ ಎಂದು ನೋಡುವುದು ಪದ್ಧತಿ, ಯಂತ್ರ ಸುಳ್ಳಾಡುತ್ತಿಲ್ಲ ಎಂಬುದಕ್ಕೆ. ಅವಳು ಓಡಿಸಿದಳು. ಗೆರೆ ಸರಸರ ಇಳಿಯಿತು, ಇಲಿ ಸತ್ತು ಗಂಟೆಯಾಗಿದ್ದರೂ ಅದರ ತೊಡೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಸೂಜಿಯಿಂದ ವಿಷ ಬಿಟ್ಟಳು. ಗೆರೆ ಕಾಲು ಚಾಚಿ ಮಲಗಿತು. ಸರಿ, ಇನ್ನು ತೊಳೆಯಬೇಕು. ಆಲ್ಕೋಹಾಲ್ ಸುರಿದು ಹೀರಿದಳು, ಮತ್ತೆ ಸುರಿದಳು, ಮತ್ತೆ ಹೀರಿದಳು, ಕೈ ತನ್ನ ಪಾಡಿಗೆ ತಾನು ಮಾಡುತ್ತಿತ್ತು. ಎಡಗಡೆ ತಟ್ಟೆಯಲ್ಲಿ ಬಿರಡೆ ಬಿದ್ದಿತ್ತು. ಅದನ್ನು ಬಲಗಡೆಯ ಬೀಕರಿನ ಆಲ್ಕೋಹಾಲಿನಲ್ಲಿ ಮುಳುಗಿಸಿ, ತೂತಿನೊಳಗೆ ಬ್ರಷ್ ಆಡಿಸಬೇಕು, ವಿಷ ಅಡಗಿ ಕೂರುವುದು ಅಲ್ಲೇ. ಇದನ್ನು ಅವಳು ಎಷ್ಟು ಜನ ಹೊಸಬರಿಗೆ ಕಲಿಸಿಲ್ಲ.

ತೊಳೆಯದಿದ್ದರೆ? ಆ ಯೋಚನೆ ಬಾಗಿಲು ತಟ್ಟಿ ಬರಲಿಲ್ಲ, ನಿನ್ನೆ ಸಂಜೆಯಿಂದ ಮನೆಯೊಳಗೇ ಇತ್ತು, ಈಗ ಎದುರು ಬಂದು ಕೂತಿತು, ಅಷ್ಟೇ. ಏನೂ ಮಾಡಬೇಕಾಗಿಲ್ಲ. ಯಾರಿಗೂ ವಿಷ ಹಾಕಬೇಕಾಗಿಲ್ಲ, ಸುಳ್ಳು ಬರೆಯಬೇಕಾಗಿಲ್ಲ. ಒಂದು ಕೆಲಸ ಬಿಟ್ಟರೆ ಸಾಕು, ಅವನ ತುಣುಕಿನಲ್ಲೂ ಗೆರೆ ಮಲಗುತ್ತದೆ, ಔಷಧಿಯಿಲ್ಲದ ರೋಗ ಎಂದಾಗುತ್ತದೆ. ಅದೂ ಅವನೇ ಅವಳ ತಲೆಗೆ ಕಟ್ಟಿದ ತಪ್ಪು, ಹೇಗೂ ಬೆಲೆ ತೆತ್ತಾಗಿದೆ, ತೆತ್ತ ಸಾಮಾನನ್ನು ಮನೆಗೆ ಒಯ್ದರೆ ಕಳ್ಳತನವೇ? ಅವನು ಮನೆಯಲ್ಲಿ ಮಲಗಿರುತ್ತಾನೆ. ಹೆಂಡತಿ ಚಮಚದಲ್ಲಿ ಕುಡಿಸುತ್ತಾಳೆ, ಅರ್ಧ ಗಲ್ಲದ ಮೇಲೆ ಹರಿಯುತ್ತದೆ. ಎದ್ದು ಮೂತ್ರಕ್ಕೆ ಹೋಗಲು ಯಾರನ್ನೋ ಕೂಗುತ್ತಾನೆ, ಕೂಗು ಕೋಣೆ ದಾಟುವುದಿಲ್ಲ. ಮೂರನೆಯದು ಎಂದು ಅವನಿಗೆ ಗೊತ್ತಿರುತ್ತದೆ, ದಿನವೂ ಗೊತ್ತಿರುತ್ತದೆ, ತಾನು ಕದ್ದ ಕೈಯೇ ತನ್ನೊಳಗೆ ಕಟ್ಟಿಕೊಂಡು ನಿಂತಿದೆ ಎಂದು ಮಲಗಿದಲ್ಲೇ ಗೋಡೆ ನೋಡುತ್ತ ಲೆಕ್ಕ ಹಾಕುತ್ತಿರುತ್ತಾನೆ. ಅವಳು ನೋಡಲು ಹೋಗುತ್ತಾಳೆ, ಹಣ್ಣು ಒಯ್ಯುತ್ತಾಳೆ. ಹೇಗಿದ್ದೀರಿ ಸರ್ ಎನ್ನುತ್ತಾಳೆ. ಉದ್ದನೆಯ ಕೋಣೆ, ಮಬ್ಬು ಪರದೆ, ಎಲ್ಲರೂ ಮತ್ತೆ ಕೂತಿದ್ದಾರೆ, ಈ ಸಲ ನಗುವುದು ಅವಳೊಬ್ಬಳೇ. ಹೊರಗೆ ದುಪ್ಪಟಿಯೊಂದು ತಂತಿಯಿಂದ ಕಳಚಿ ಹಾರಿತು, ಒಗೆಯುವ ಹೆಂಗಸು ಅದರ ಹಿಂದೆ ಓಡಿದಳು. ಬಾಗಿಲು ತಟ್ಟಿದ ಸದ್ದು. "ಸ್ಯಾಂಪಲ್ ಮೇಡಂ" ಎಂದು ವಾರ್ಡಿನ ನರ್ಸು ಐಸಿನ ಡಬ್ಬಿಯನ್ನು ಮೇಜಿಗಿಟ್ಟು, "ಪಾಪ, ಅಜ್ಜ ಹಲ್ಲು ಕಚ್ಚಿಕೊಂಡು ಒಂದ್ ಮಾತೂ ಆಡ್ಲಿಲ್ಲ" ಎಂದು ಹೋದಳು. ಡಬ್ಬಿಯೊಳಗೆ ಅವನಿದ್ದ, ಹುಣಿಸೆ ಬೀಜದಷ್ಟು, ತಿಳಿಗೆಂಪು. ತಡ ಮಾಡುವಂತಿರಲಿಲ್ಲ, ಹೊತ್ತು ಕಳೆದಷ್ಟೂ ತುಣುಕಿನ ಉಸಿರು ಹೋಗುತ್ತದೆ. ಅವಳು ಬಿಡಿಸಿದಳು, ಸೋಸಿದಳು, ಚೇಂಬರಿಗೆ ಹಾಕಿದಳು, ಬಿರಡೆ ಮುಚ್ಚಿದಳು.

ಗೆರೆ ಇಳಿಯಲಿಲ್ಲ. ಸಾಲಿನ ಮೊದಲನೆಯವನಿಗೆ ಉಣಿಸಿದಳು, ಇಳಿಯಲಿಲ್ಲ. ಎರಡನೆಯವನಿಗೆ ಉಣಿಸಿದಳು, ಇಲ್ಲ. ಆಮೇಲೆ ಮೂರನೆಯವನನ್ನು ಬಿಟ್ಟು ನೇರವಾಗಿ ಕೊನೆಯವನ ಕೈಗೇ ಎಲೆಕ್ಟ್ರಾನು ಕೊಡುವ ದ್ರಾವಣ ಹಾಕಿದಳು, ಗೆರೆ ಜಾರುಬಂಡೆಯ ಮೇಲಿನ ಮಗುವಿನಂತೆ ಇಳಿಯಿತು. ಅಲ್ಲಿಗೆ ಸಂಶಯವೇ ಇರಲಿಲ್ಲ, ಹಿಂದೆ ಸರಿ, ಮುಂದೆ ಸರಿ, ಮೂರನೆಯ ಕೈ ಕಟ್ಟಿತ್ತು. ಅವಳು ನಕ್ಕಳು. ಖಾಲಿ ಕೋಣೆಯಲ್ಲಿ, ಬಾಯಿಗೆ ಕೈ ಅಡ್ಡ ಹಿಡಿಯದೆ, ಸದ್ದು ಮಾಡಿ ನಕ್ಕಳು. ಇಷ್ಟು ಸುಖ ಅವಳಿಗೆ ಯಾವತ್ತೂ ಆಗಿರಲಿಲ್ಲ. ಮದುವೆಯ ದಿನವೂ ಇಲ್ಲ, ಈ ಕೆಲಸ ಸಿಕ್ಕ ದಿನವೂ ಇಲ್ಲ. ನಾನಾಗಿ ಏನೂ ಮಾಡಲಿಲ್ಲವಲ್ಲ, ಮೇಲೊಬ್ಬ ಇದ್ದಾನೆ ಹಾಗಾದರೆ, ತಡವಾದರೂ ಕಣ್ಣು ಬಿಡುತ್ತಾನೆ. ನಗುತ್ತಲೇ ಚೇಂಬರ್ ಖಾಲಿ ಮಾಡಿದಳು, ಆಲ್ಕೋಹಾಲ್ ಸುರಿದಳು, ಬಿರಡೆಯನ್ನು ಬೀಕರಿನಲ್ಲಿ ಮುಳುಗಿಸಿ ತೂತಿನೊಳಗೆ ಬ್ರಷ್ ಆಡಿಸಿದಳು, ಎರಡು ಸಲ, ಮೂರು ಸಲ. ಹೀಗೆ ಬ್ರಷ್ ಆಡಿಸುತ್ತಿರುವಾಗ ಅವಳ ನಗು ನಿಂತಿತು. ಈ ಬ್ರಷ್ ಒಣಗಿತ್ತು. ಹಿಡಿದಾಗ ಒಣಗಿತ್ತು. ಬೆಳಿಗ್ಗೆ ಇದನ್ನು ಮುಟ್ಟಿದ್ದೆನೇ? ಮುಟ್ಟಿದ್ದರೂ ಇಷ್ಟು ಹೊತ್ತಿಗೆ ಒಣಗಿರಬಹುದು, ಆಲ್ಕೋಹಾಲ್ ಹಾರಿಹೋಗಲು ಎಷ್ಟು ಹೊತ್ತು ಬೇಕು. ಬಿರಡೆಯನ್ನು ಎತ್ತಿ ಮುಚ್ಚಿದ್ದು ನೆನಪಿತ್ತು, ಬೆರಳಿಗೆ ಅದರ ತಣುಪೂ ನೆನಪಿತ್ತು. ಎತ್ತಿದ್ದು ಬಲಗಡೆಯ ಬೀಕರಿನಿಂದಲೋ, ಎಡಗಡೆಯ ತಟ್ಟೆಯಿಂದಲೋ? ಅವಳು ಕಣ್ಣು ಮುಚ್ಚಿ ನೋಡಿದಳು. ಚಮಚ, ಗಲ್ಲ, ಹಣ್ಣಿನ ಚೀಲ, ಹಾರುತ್ತಿದ್ದ ದುಪ್ಪಟಿ, ಎಲ್ಲ ಕಂಡವು. ಬಿರಡೆ ಕಾಣಲಿಲ್ಲ. ಇನ್ನೊಂದು ಇಲಿಯ ತುಣುಕು ಹಾಕಿ ನೋಡಿದ್ದರೆ ಈಗಲೇ ಗೊತ್ತಾಗುತ್ತಿತ್ತು, ಬಿರಡೆಯಲ್ಲಿ ವಿಷವಿದ್ದರೆ ಅದೂ ನಿಲ್ಲುತ್ತಿತ್ತು. ಆದರೆ ಬಿರಡೆಯನ್ನು ಈಗ ತಾನೇ ತೊಳೆದಿದ್ದಳು, ಇಪ್ಪತ್ತು ವರ್ಷದ ಶ್ರದ್ಧೆಯೆಲ್ಲ ಹಾಕಿ, ಒಂದು ಕಣವೂ ಉಳಿಯದ ಹಾಗೆ.

ದಾರಿ ಇತ್ತು. ಫೋನು ಕೈಗೆಟುಕುವಲ್ಲಿ ಇತ್ತು. ಡಾಕ್ಟ್ರೇ, ನನಗೆ ಅನುಮಾನ ಇದೆ, ಇನ್ನೊಂದು ಕಾಲಿಂದ ಇನ್ನೊಂದು ತುಣುಕು ತೆಗೀರಿ. ಇಷ್ಟು ಹೇಳಿದರೆ ಮುಗಿಯಿತು. ಯಾಕೆ ಅಂತ ಕೇಳುತ್ತಾರೆ. ಬಿರಡೆ ತೊಳೆದೆನೋ ಇಲ್ಲವೋ ಗೊತ್ತಿಲ್ಲ ಎನ್ನಬೇಕು. ಅದು ಗೋಡೆ ಹಿಡಿದುಕೊಂಡು ಕೂತಿರುವವನಿಗೆ ತಲುಪುತ್ತದೆ, ಗಲ್ಲ ಮೇಲೆತ್ತಿ ಕೇಳಿಸಿಕೊಳ್ಳುತ್ತಾನೆ, ಹೆಂಡತಿಯ ಕಡೆ ತಿರುಗಿ ನಗುತ್ತಾನೆ: ನಾನು ಅವತ್ತೇ ಹೇಳಿರಲಿಲ್ವಾ. ಇಲ್ಲ. ನಾಲಿಗೆ ಕಚ್ಚಿಕೊಂಡು ಸತ್ತರೂ ಆ ಮಾತು ಈ ಬಾಯಿಂದ ಬರುವುದಿಲ್ಲ. ಮತ್ತೆ, ತೊಳೆದೇ ಇರಬಹುದಲ್ಲ? ತೊಳೆಯದೆ ಬಿಟ್ಟದ್ದು ಅವಳ ಜನ್ಮದಲ್ಲೇ ಇಲ್ಲ. ಹಾಗಿದ್ದರೆ ರೋಗ ನಿಜ, ಎರಡನೆಯ ಕಾಲು ಕೊಯ್ಯಿಸುವುದು ಬರೀ ಹಿಂಸೆ. ಹೀಗೆ ತನಗೆ ತಾನೇ ವಕೀಲಳಾಗಿ ವಾದ ಮಾಡಿ ಗೆದ್ದಳು. ವರದಿ ಬರೆದಳು. ಸಹಿ ಮಾಡುವ ಜಾಗ ಬಿಟ್ಟಳು. ಡಾಕ್ಟರಿಗೆ ಫೋನ್ ಮಾಡಿ ಮೂರನೆಯದು ಎಂದಳು, ಆಮೇಲೆ "ಅಂತ ಕಾಣತ್ತೆ" ಎಂದು ಸೇರಿಸಿದಳು. ಅತ್ತ ಕಡೆ ಡಾಕ್ಟರು ನಿಟ್ಟುಸಿರು ಬಿಟ್ಟು, "ಅವ್ರು ಗ್ರಾಫ್ ತಾವೇ ನೋಡ್ಬೇಕು ಅಂತ ಹಟ ಹಿಡಿದಿದ್ದಾರೆ. ಕಳಿಸ್ಲಾ?" ಎಂದರು.

ಅವನು ಒಬ್ಬನೇ ಬಂದ. ತೊಡೆಗೆ ಪಟ್ಟಿ ಕಟ್ಟಿದ್ದರು, ಕಾಲೆಳೆಯುತ್ತಿದ್ದ. ಕೂರಲು ಕುರ್ಚಿಯ ಎರಡೂ ಕೈ ಹಿಡಿದು ಕಡೆಯ ಗೇಣಿನಲ್ಲಿ ಧೊಪ್ಪೆಂದು ಬಿದ್ದ. ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಒಂದು ಬೆರಳಿನಿಂದ ಎಡಗಣ್ಣಿನ ರೆಪ್ಪೆ ಮೇಲೆತ್ತಿ ಹಿಡಿದುಕೊಂಡು ಅವನು ಗೆರೆಯನ್ನು ಉದ್ದಕ್ಕೂ ನೋಡಿದ. ಆ ನೋಟ ಮಾತ್ರ ಹಳೆಯದೇ. "ಮೂರನೇದು" ಎಂದ. "ಹೌದು ಸರ್." ಅವನು ರೆಪ್ಪೆ ಬಿಟ್ಟ, ಕಣ್ಣು ಮುಚ್ಚಿಹೋಯಿತು. ಆಮೇಲೆ ಕೇಳಿದ, ತೀರಾ ಮೆಲ್ಲಗೆ, ಸಾಲ ಕೇಳುವವರ ಹಾಗೆ, "ಬಿರಡೆ ತೊಳೆದಿದ್ದೆಯಾ?"

ಈ ಪ್ರಶ್ನೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಂದಾಗ ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ಸಿಟ್ಟಲ್ಲ, ಒಂದು ತಣ್ಣನೆಯ ಖುಷಿ. "ಯಾಕೆ ಸರ್?" ಎಂದಳು.

"ತೊಳೆದಿಲ್ಲ ಅನ್ನಮ್ಮ" ಎಂದ ಅವನು. "ಮರೆತುಹೋಯ್ತು ಅನ್ನು. ಯಾರೂ ಏನೂ ಅನ್ನಲ್ಲ, ನಾನು ನೋಡ್ಕೋತೀನಿ. ಇನ್ನೊಂದು ಕಾಲಿದೆ, ಕೊಯ್ಯಲಿ. ಎಷ್ಟು ಬೇಕಾದ್ರೂ ಕೊಯ್ಯಲಿ. ನಿನ್ನ ತಪ್ಪು ಅಂತ ಆಗಿಬಿಟ್ರೆ ನಾನು ಬದುಕ್ತೀನಿ."

ಜೋತುಬಿದ್ದ ರೆಪ್ಪೆಯ ಕೆಳಗಿನಿಂದ ನೀರು ಇಳಿಯುತ್ತಿತ್ತು. ಅಳುತ್ತಿದ್ದನೋ, ರೋಗಕ್ಕೇ ಕಣ್ಣು ಸೋರುತ್ತಿತ್ತೋ ಹೇಳುವಂತಿರಲಿಲ್ಲ. ಎಷ್ಟು ವರ್ಷ ಅವಳು ಈ ಮನುಷ್ಯನನ್ನು ಹೀಗೆ ತನ್ನೆದುರು ಕೂರಿಸಿಕೊಂಡಿದ್ದಳು, ಬಚ್ಚಲಲ್ಲಿ, ಬಸ್ಸಿನಲ್ಲಿ, ಸಾರು ಕುದಿಯುವಾಗ. ಮನಸ್ಸಿನಲ್ಲಿ ಕೂರಿಸಿಕೊಂಡವನು ಇಷ್ಟು ಹಗುರವಾಗಿರಲಿಲ್ಲ. "ತೊಳೆದಿದ್ದೀನಿ ಸರ್" ಎಂದಳು. ದನಿ ನಡುಗಲಿಲ್ಲ. ಅವನ ಕೈ ಕುರ್ಚಿಯ ಕೈಯಿಂದ ಜಾರಿ ತೊಡೆಯ ಪಟ್ಟಿಯ ಮೇಲೆ ಬಿತ್ತು, ನೋವಾಗಿರಬೇಕು, ಮುಖ ಕಿವುಚಿಕೊಂಡ, ಆದರೆ ಕೈ ಎತ್ತಿಕೊಳ್ಳಲಿಲ್ಲ, ಎತ್ತಿಕೊಳ್ಳುವಷ್ಟು ಕಸುವಿರಲಿಲ್ಲ. ಅದನ್ನು ನೋಡುತ್ತಿದ್ದ ಹಾಗೇ ಅವಳೊಳಗೆ ಏನೋ ಸಡಿಲವಾಯಿತು. ಆ ಕೈಯನ್ನು ಎತ್ತಿ ಕುರ್ಚಿಯ ಮೇಲೆ ಇಡಬೇಕೆನ್ನಿಸಿತು. ಸಾಕು, ಎನ್ನಿಸಿತು. ಹೇಳಿಬಿಡುತ್ತೇನೆ, ಗೊತ್ತಿಲ್ಲ ಎಂದು ಹೇಳುತ್ತೇನೆ, ನಗುವವನು ನಗಲಿ, ನಕ್ಕು ಎದ್ದು ಓಡಾಡಲಿ, ಇದಕ್ಕಿಂತ ಅದೇ ವಾಸಿ. "ಸರ್, ಒಂದು ಮಾತು" ಎಂದಳು.

ಅವನು ಬೇಡವೆಂಬಂತೆ ತಲೆಯಾಡಿಸಿದ. "ಬಿಡಮ್ಮ. ನಾನು ಹಾಗೆ ಕೇಳ್ಬಾರ್ದಿತ್ತು. ನೀನು ತೊಳೆದಿದ್ದೀನಿ ಅಂದ್ರೆ ತೊಳೆದ ಹಾಗೇ." ಉಸಿರು ತೆಗೆದುಕೊಂಡ. "ಅವತ್ತೂ ನೀನು ತೊಳೆದಿದ್ದೆ. ನಂಗೊತ್ತಿತ್ತು. ಸೆಮಿನಾರಿನ ಹಿಂದಿನ ದಿನ ನೀನು ಮನೆಗೆ ಹೋದ್ಮೇಲೆ ನಾನೇ ಬಂದು ಮಾಡಿ ನೋಡಿದ್ದೆ. ನಾನೇ ತೊಳೆದು, ನಾನೇ ಓಡಿಸಿ. ನನ್ನ ಕೈಲೂ ಹಾಗೇ ಬಂತು."

ಕಿಟಕಿಯಾಚೆ ಒಗೆಯುವ ಹೆಂಗಸು ಯಾರನ್ನೋ ಕೂಗಿ ಬೈಯುತ್ತಿದ್ದಳು. ಒಳಗೆ ಇವಳು ಅವನ ಬಾಯನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷ, ಅವನಿಗೆ ಅನುಮಾನ ಬಂದಿರಬಹುದು, ತಪ್ಪು ತಿಳಿದಿರಬಹುದು, ಆಮೇಲೆ ಸತ್ಯ ಗೊತ್ತಾಗಿ ಹೇಳಲು ನಾಚಿಕೆಯಾಗಿರಬಹುದು ಎಂದು ಅವಳು ಎಲ್ಲೋ ಒಂದು ಮೂಲೆಯಲ್ಲಿ ಅವನಿಗೆಂದು ಜಾಗ ಉಳಿಸಿದ್ದಳು. ಅಷ್ಟು ಜಾಗ ಇದ್ದದ್ದು ಅದು ಹೋದಾಗಲೇ ಅವಳಿಗೆ ತಿಳಿದದ್ದು. ಗೊತ್ತಿದ್ದೂ ಕಾಲ ಮೇಲೆ ಕಾಲು ಹಾಕಿ ಕೂತು, ಪಾತ್ರೆ ಯಾರು ತೊಳೆಯೋದು ಎಂದು ಕೇಳಿದ್ದ.

"ಏನೋ ಹೇಳೋಕೆ ಹೊರಟಿದ್ದೆ" ಎಂದ ಅವನು.

"ಏನಿಲ್ಲ ಸರ್" ಎಂದಳು. ಪೆನ್ನು ತೆಗೆದು ವರದಿಗೆ ಸಹಿ ಮಾಡಿದಳು.

ಅವನಿಗೆ ಏಳಲಾಗಲಿಲ್ಲ. ಅವಳೇ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಪೂರ್ತಿ ಭಾರ ಅವಳ ಮೇಲೆ ಬಿಟ್ಟುಕೊಂಡು ಅವನು ನಡೆದ, ನಂಬಿ ನಡೆಯುವವರ ಹಾಗೆ. ಡಾಕ್ಟರ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತಿದ್ದ ಹೆಂಡತಿ ಎದ್ದು ಬಂದು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. "ಏನಂತೆ? ಇನ್ನೊಂದ್ಸಲ ಮಾಡಿ ನೋಡ್ತಾರಂತಾ?"

"ಬೇಕಾಗಿಲ್ಲ" ಎಂದ ಅವನು. ಅವಳ ಹೆಗಲ ಮೇಲಿದ್ದ ಕೈಯಿಂದ ಮೆಲ್ಲನೆ ತಟ್ಟಿದ, ಅದರಲ್ಲಿ ಒಂದು ಹೆಮ್ಮೆಯೂ ಇತ್ತು. "ಇವಳು ಮಾಡಿದ್ದು. ಅನುಮಾನವೇ ಇಲ್ಲ."

ಆ ಹೆಂಗಸು ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಅತ್ತರು. ಅವಳು ಬಿಡಿಸಿಕೊಳ್ಳಲಿಲ್ಲ. ಅತ್ತು ಮುಗಿಯುವವರೆಗೆ ನಿಂತಿದ್ದು, ಆಮೇಲೆ ಒಳಗೆ ಹೋಗಿ ವರದಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟಳು.